ಕಟಿಂಗ್ ಚಹಾ ಆರೋದ್ರೊಳಗೆ: ಇಂಟರ್‌ವ್ಯೂ ಆದ್ಮೇಲೆ ಬರೆಯೋ ನಾಲ್ಕು ಸಾಲು

(ಮುಂಬೈನ ಮಾಟುಂಗಾದಲ್ಲಿ ಒಂದು ಭಾನುವಾರ ಕನ್ನಡದ ಹುಡುಗ ಹುಡುಗಿಯರ ಜೊತೆ ಮಾತಾಡಿದ್ದು. ರೆಕಾರ್ಡಿಂಗ್ ಕೇಳ್ಕೊಂಡು ತಿದ್ದಿ ಬರೆದಿದೀನಿ.)

ಮೊದ್ಲು ಒಂದ್ಸಲ ಕೈ ಎತ್ತಿಸಿಬಿಡ್ತೀನಿ. ಕಳೆದ ಒಂದು ವರ್ಷದಲ್ಲಿ ಇಂಟರ್‌ವ್ಯೂ ಕೊಟ್ಟೋರು? ಹೆಚ್ಚುಕಮ್ಮಿ ಎಲ್ಲಾರೂ. ಸರಿ, ಇಂಟರ್‌ವ್ಯೂ ಮುಗಿಸಿ ಮನೆಗೆ ಹೋಗಿ, ಎದುರಿಗೆ ಕೂತು ಪ್ರಶ್ನೆ ಕೇಳಿದೋರಿಗೆ ಒಂದು ಥ್ಯಾಂಕ್ಸ್ ಮೇಲ್ ಹಾಕಿದೋರು? ಒಂದು, ಎರಡು, ಮೂರು, ಹಿಂದೆ ಆ ಕಿಟಕಿ ಹತ್ರ ಅರ್ಧ ಎತ್ತಿರೋ ಕೈನೂ ಸೇರಿಸಿದ್ರೆ ಮೂರೂವರೆ.

ಬೇಜಾರಿಲ್ಲ. ನಾನು ಮುಂಬೈನಲ್ಲಿ ಎಚ್‌ಆರ್ ಕೆಲಸಕ್ಕೆ ಸೇರಿ ಇಪ್ಪತ್ತೈದು ವರ್ಷದ ಮೇಲಾಯ್ತು, ಎಷ್ಟು ಇಂಟರ್‌ವ್ಯೂ ತಗೊಂಡಿದೀನೋ ಲೆಕ್ಕ ಇಟ್ಟಿಲ್ಲ, ಆದ್ರೆ ಬಂದ ಥ್ಯಾಂಕ್ಸ್ ಮೇಲ್‌ಗಳಲ್ಲಿ ನೆನಪಿರೋವು ಒಂದು ಕೈಬೆರಳಲ್ಲೇ ಮುಗಿದುಹೋಗ್ತವೆ. ಹಂಗಾಗಿ ಮೊದ್ಲೇ ಹೇಳಿಬಿಡ್ತೀನಿ, ಇದನ್ನ ಕಳಿಸಿಲ್ಲ ಅಂತ ನಮ್ಮ ಕಡೆ ಯಾರೂ ನಿಮ್ಮನ್ನ ರಿಜೆಕ್ಟ್ ಮಾಡಲ್ಲ. ಅಮೆರಿಕದ ಕಡೆ ಇದು ರೂಢಿ, ಅಲ್ಲಿ ಬಹಳ ಜನ ಇದನ್ನ ನಿರೀಕ್ಷೆನೇ ಮಾಡ್ತಾರೆ. ಇಲ್ಲಿ ಹಂಗಿಲ್ಲ. ಮತ್ತೆ ಯಾಕೆ ಈ ವಿಷಯ ಇಟ್ಕೊಂಡು ಭಾನುವಾರ ಹಾಳು ಮಾಡ್ತಿದೀರಿ ಮೇಡಂ ಅಂದ್ರೆ, ಕಳಿಸೋ ನಾಲ್ಕು ಜನಾನೂ ತಪ್ಪಾಗಿ ಕಳಿಸ್ತಾರೆ, ಅದಕ್ಕೆ.

ಅದ್ರಲ್ಲಿ ಮೊದಲನೇ ಹೆಸರು ನಂದೇ.

1996ರಲ್ಲಿ ಧಾರವಾಡದಿಂದ ಬಂದೆ, ಡೊಂಬಿವಲಿಯಲ್ಲಿ ಸೋದರಮಾವನ ಮನೆ. ಫೋರ್ಟ್‌ನಲ್ಲಿ ಒಂದು ಆಫೀಸಲ್ಲಿ ನನ್ನ ಮೊದಲನೇ ಇಂಟರ್‌ವ್ಯೂ. ಸಂಜೆ ಬಂದು ಚಪ್ಪಲಿ ಬಿಡೋದ್ರೊಳಗೆ ಮಾಮಾ ಕೇಳಿದ್ರು, "ಹೆಂಗಾತವಾ?" ಚಲೋ ಆತು ಅಂದೆ. "ಹಂಗಾರ ಅವರಿಗೊಂದು ಕಾಗದ ಹಾಕು, ಉಪಕಾರ ಆತು ಅಂತ." ಮಾಮಾ ಹೇಳಿದ್ದು ಅಷ್ಟೇ. ನಾನು ನೀಲಿ ಇನ್‌ಲ್ಯಾಂಡ್ ಲೆಟರ್ ತಗೊಂಡು ಕೂತೆ. ಮೊದಲನೇ ಸಾಲಲ್ಲಿ ಉಪಕಾರ ಅಂದೆ. ಎರಡನೇ ಸಾಲಿಗೆ ನಮ್ಮಪ್ಪಗ ರಿಟೈರ್ ಆಗೇದ ಅಂತ ಬಂತು. ಮೂರನೇದ್ರಲ್ಲಿ ತಮ್ಮನ ಓದು. ಮಡಿಚೋ ಅಂಚಿನ ತನಕ ಬರೆದು ಕೊನೆಗೆ "ತಾವು ಕೈ ಹಿಡಿದರೆ ಈ ಬಡ ಕುಟುಂಬ" ಅನ್ನೋ ಥರ ಇಂಗ್ಲಿಷ್‌ನಲ್ಲಿ ಏನೋ ಬರೆದು ಡಬ್ಬಿಗೆ ಹಾಕಿದೆ. ಕೆಲ್ಸ ಸಿಗಲಿಲ್ಲ. ಕಾಗದದಿಂದ ಸಿಗಲಿಲ್ಲ ಅಂತಲ್ಲ, ನಂಗೆ ಆಗ ಆ ಕೆಲಸ ಬರ್ತಾನೂ ಇರಲಿಲ್ಲ. ಆದ್ರೆ ಎಷ್ಟೋ ವರ್ಷ ಆದ್ಮೇಲೆ ಈ ಕಡೆ ಕುರ್ಚಿಗೆ ಬಂದಾಗ ಅಂಥದೇ ಒಂದು ಕಾಗದ ನನ್ನ ಟೇಬಲ್‌ಗೆ ಬಂತು ನೋಡಿ, ಓದ್ತಾ ಓದ್ತಾ ಕಿವಿ ಬಿಸಿ ಆಯ್ತು. ಬರೆದೋನ ಮೇಲೆ ಕನಿಕರ ಬರುತ್ತೆ, ಕೆಲಸಕ್ಕೆ ತಗೋಬೇಕು ಅಂತ ಅನ್ಸಲ್ಲ. ಥ್ಯಾಂಕ್ಸ್ ಹೇಳೋಕೆ ಶುರು ಮಾಡಿ ಅರ್ಜಿ ಬರೆದು ಮುಗಿಸೋದು ನಮ್ಮಲ್ಲಿ ಬಹಳ ಸಲೀಸು, ಶಾಲೇಲಿ ಹೆಡ್‌ಮಾಸ್ಟರಿಗೆ ರಜಾ ಅರ್ಜಿ ಬರೆದು ಬರೆದು ಕೈಗೆ ಅದೇ ದಾರಿ ರೂಢಿ ಆಗಿರುತ್ತೆ.

ಇಲ್ಲಿ ಸ್ವಲ್ಪ ದಾರಿ ತಪ್ತೀನಿ, ಸಹಿಸ್ಕೊಳ್ಳಿ. ನಮ್ಮ ಭಾಷೇಲಿ ದಿನಾ ಬಳಸೋ ಥ್ಯಾಂಕ್ಸ್ ಅನ್ನೋ ಪದ ಯಾವುದು ಹೇಳಿ? ಧನ್ಯವಾದ ಅಂತೀರಿ, ಅದು ಸ್ಟೇಜ್ ಮೇಲಿನ ಪದ. ವಂದನಾರ್ಪಣೆ ಮಾಡೋರು ಬಳಸ್ತಾರೆ. ಮನೇಲಿ ಅಮ್ಮ ಊಟ ಬಡಿಸಿದ್ರೆ ಧನ್ಯವಾದ ಅಂದ್ರೆ ಅವಳು ಹಣೆ ಮುಟ್ಟಿ ಜ್ವರ ಬಂದಿದ್ಯಾ ನೋಡ್ತಾಳೆ. ಧಾರವಾಡದ ಕಡೆ "ಭಾಳ ಉಪಕಾರ ಆತ್ರಿ" ಅಂತಾರೆ. ಮುದುಕಿಯೊಬ್ಬಳಿಗೆ ಬಸ್ಸಲ್ಲಿ ಸೀಟು ಬಿಟ್ಟುಕೊಟ್ರೆ "ನಿನ್ನ ಹೊಟ್ಟಿ ತಣ್ಣಗಿರಲಿ" ಅಂತಾಳೆ. ಗೋವಾದಲ್ಲಿ ಕೊಂಕಣಿಯವರು "ದೇವ್ ಬರೆಂ ಕರುಂ" ಅಂತಾರಲ್ಲ, ದೇವರು ಒಳ್ಳೇದು ಮಾಡ್ಲಿ ಅಂತ, ಅದೂ ಇದೇ ಜಾತಿ ಮಾತು. ಇಲ್ಲೆಲ್ಲ ನೋಡಿ, ಬರೀ ಥ್ಯಾಂಕ್ಸ್ ಅಂತ ನಾಣ್ಯ ಎಸೆದ ಹಾಗೆ ಎಸೆಯೋದಿಲ್ಲ, ನೀನು ಮಾಡಿದ್ದು ನಂಗೆ ಹೆಂಗೆ ಮುಟ್ಟಿತು ಅಂತ ಸ್ವಲ್ಪ ಹೇಳ್ತಾರೆ. ಸೀಟು ಕೊಟ್ಟಿದ್ದಕ್ಕೆ ಹೊಟ್ಟೆಗೆ ತಂಪಾಯ್ತು. ನಂಗೆ ಅನ್ಸೋದು, ಇಂಟರ್‌ವ್ಯೂ ಮೇಲ್‌ಗೂ ಇಷ್ಟೇ ಬೇಕು. ನಿಮ್ಮ ಮಾತಲ್ಲಿ ಇಂಥದ್ದು ನಂಗೆ ಮುಟ್ಟಿತು ಅನ್ನೋ ಒಂದು ಸಾಲು. ಆ ಸಾಲು ನೀವಲ್ದೆ ಬೇರೆ ಯಾರೂ ಬರೆಯೋಕೆ ಆಗಬಾರ್ದು.

ಒಂದು ಮೇಲ್ ತೋರಿಸ್ತೀನಿ. ಬರೆದ ಹುಡುಗಿಯನ್ನ ಕೇಳ್ಕೊಂಡೇ ಹೇಳ್ತಿದೀನಿ, ಹೆಸರು ಬೇಡ ಅಂದ್ಲು. ಸೊಲ್ಲಾಪುರದ ಕನ್ನಡದ ಹುಡುಗಿ, ಕಲ್ಯಾಣ್‌ನಲ್ಲಿ ಪಿಜಿ. ಭಿವಂಡಿಯಲ್ಲಿ ಗೋಡೌನ್‌ಗಳು ಎಷ್ಟಿವೆ ಅಂತ ನಿಮಗೆ ಗೊತ್ತು, ಅಲ್ಲೊಂದು ಕಡೆ ಡಿಸ್ಪ್ಯಾಚ್ ಪ್ಲಾನಿಂಗ್, ಅಂದ್ರೆ ಯಾವ ಮಾಲು ಯಾವಾಗ ಹೊರಡ್ಬೇಕು ಅಂತ ನೋಡೋ ಕೆಲಸಕ್ಕೆ ಇಂಟರ್‌ವ್ಯೂ. ಮ್ಯಾನೇಜರ್ ಕೇಳಿದ್ರಂತೆ, ಜುಲೈ ಮಳೇಲಿ ನ್ಹಾವಾ ಶೇವಾ ಬಂದರಿನಿಂದ ಬರೋ ಕಂಟೇನರ್ ಆರು ತಾಸು ತಡ ಆಯ್ತು ಅಂತ ಇಟ್ಕೋ, ಅವತ್ತಿನ ಡಿಸ್ಪ್ಯಾಚ್ ಏನು ಮಾಡ್ತೀಯಾ? ಇವಳು ಗಾಬರಿಯಲ್ಲಿ "ಡ್ರೈವರ್‌ಗೆ ಫೋನ್ ಮಾಡ್ತೀನಿ" ಅಂದ್ಲಂತೆ. ಅವರು ಹೂಂ ಅಂದು ಮುಂದಿನ ಪ್ರಶ್ನೆಗೆ ಹೋದ್ರು. ಆ ಹೂಂ ಹೆಂಗಿರುತ್ತೆ ಅಂತ ಇಂಟರ್‌ವ್ಯೂ ಕೊಟ್ಟ ಎಲ್ಲರಿಗೂ ಗೊತ್ತು.

ಸಂಜೆ ಅವಳು ಬರೆದದ್ದು ಇಂಗ್ಲಿಷ್‌ನಲ್ಲೇ, ನಾನು ಕನ್ನಡದಲ್ಲಿ ಹೇಳ್ತೀನಿ:

"ಸರ್, ಇವತ್ತು ಮಧ್ಯಾಹ್ನ ಸಮಯ ಕೊಟ್ಟು ಮಾತಾಡಿದ್ದಕ್ಕೆ, ಗೋಡೌನ್ ಒಳಗೆ ಒಂದು ಸುತ್ತು ತೋರಿಸಿದ್ದಕ್ಕೆ ಥ್ಯಾಂಕ್ಸ್. ಕಂಟೇನರ್ ತಡ ಆಗೋ ಪ್ರಶ್ನೆಗೆ ನಾನು ಅರ್ಧ ಉತ್ತರ ಕೊಟ್ಟೆ. ವಾಪಸ್ ಬರ್ತಾ ಯೋಚಿಸಿದೆ. ಮೊದಲು ಆ ಗಾಡಿಯ ಮಾಲಲ್ಲಿ ಅವತ್ತೇ ಹೋಗಬೇಕಾದ ಆರ್ಡರ್ ಎಷ್ಟು ಅಂತ ಬೇರೆ ಮಾಡಿ, ಉಳಿದದ್ದನ್ನ ಇರೋ ಸ್ಟಾಕ್‌ನಿಂದ ಹೊರಡಿಸಿ, ಲೋಡಿಂಗ್‌ನವರಲ್ಲಿ ಕೆಲವರನ್ನ ಎರಡನೇ ಶಿಫ್ಟ್‌ಗೆ ಉಳಿಸ್ಕೋತಿದ್ದೆ. ಮುಂದಿನ ರೌಂಡ್‌ಗೆ ಕರೆದರೆ ಸಂತೋಷ."

ಮುಗೀತು. ಮೊಬೈಲ್ ಸ್ಕ್ರೀನ್ ಮೇಲೆ ಬೆರಳಲ್ಲಿ ಸರಿಸದೇ ಪೂರ್ತಿ ಕಾಣುತ್ತೆ. ಇದ್ರಿಂದ ಕೆಲ್ಸ ಸಿಕ್ತು ಅಂತ ನಾನು ಹೇಳಲ್ಲ, ಎರಡನೇ ರೌಂಡ್‌ಗೆ ಹೆಂಗೂ ಕರೀತಿದ್ರೇನೋ. ಆದ್ರೆ ಎರಡನೇ ರೌಂಡಲ್ಲಿ ಆ ಮ್ಯಾನೇಜರ್ ಮಾತು ಶುರು ಮಾಡಿದ್ದೇ "ಎರಡನೇ ಶಿಫ್ಟ್‌ಗೆ ಜನ ಉಳೀಲಿಲ್ಲ ಅಂದ್ರೆ?" ಅಂತ. ಅಂದ್ರೆ ಅವರು ಓದಿದಾರೆ, ತಲೇಲಿ ಇಟ್ಕೊಂಡಿದಾರೆ, ಮತ್ತೆ ಇವಳ ಹತ್ರ ಈ ಸಲ ಆ ವಿಷಯದ ಮೇಲೆ ಮಾತಾಡೋಕೆ ತಯಾರಿ ಇತ್ತು.

ಅವಳು ಇದನ್ನ ಹೆಂಗೆ ನೆನಪಿಟ್ಕೊಂಡ್ಲು? ನಾನು ಕೇಳಿದೆ. ಹೊರಗೆ ಬಂದ ತಕ್ಷಣ ಟಪರಿ, ಅಂದ್ರೆ ರಸ್ತೆ ಬದಿ ಚಹಾ ಅಂಗಡಿ ಮುಂದೆ ನಿಂತು ಒಂದು ಕಟಿಂಗ್, ಅಂದ್ರೆ ಅರ್ಧ ಲೋಟ ಚಹಾ ಹೇಳಿ, ಅದು ಆರೋದ್ರೊಳಗೆ ಮೊಬೈಲ್ ನೋಟ್ಸಲ್ಲಿ ಮೂರು ವಿಷಯ ಬರ್ಕೊಂಡ್ಲಂತೆ: ಯಾರ್ಯಾರು ಇದ್ರು, ಯಾವ ಪ್ರಶ್ನೆಗೆ ತಡವರಿಸಿದೆ, ಅವರು ತಾವಾಗೇ ಹುರುಪಿನಿಂದ ಹೇಳಿದ್ದು ಏನು. ಇದನ್ನ ಮಾತ್ರ ನೀವು ಇವತ್ತೇ ಕಲ್ತುಬಿಡಿ. ಲೋಕಲ್ ಹತ್ತಿದ್ಮೇಲೆ ಮುಗೀತು, ಕುರ್ಲಾ ಬರೋದ್ರೊಳಗೆ ಅರ್ಧ ಮರ್ತಿರ್ತೀರಿ, ಠಾಣೆಗೆ ಬಂದ್ರೆ ನಿಮ್ಮ ಜೊತೆ ಉಳಿಯೋದು ಸ್ಯಾಲರಿ ಎಷ್ಟು ಹೇಳ್ಬೇಕಿತ್ತು ಅನ್ನೋ ಚಿಂತೆ ಒಂದೇ.

ಟೈಮ್ ವಿಷಯ ಬಹಳ ಇಲ್ಲ. ಅವತ್ತೇ ಸಂಜೆ, ಇಲ್ಲಾಂದ್ರೆ ಮಾರನೇ ದಿನ ಮಧ್ಯಾಹ್ನದೊಳಗೆ, 24 ತಾಸು ದಾಟಬೇಡಿ. ಶುಕ್ರವಾರ ಇಂಟರ್‌ವ್ಯೂ ಆದ್ರೆ ಶುಕ್ರವಾರವೇ, ಸೋಮವಾರದವರೆಗೆ ಇಟ್ಕೋಬೇಡಿ, ಅಷ್ಟರಲ್ಲಿ ಅವರು ಇನ್ನೂ ಐದು ಜನಾನ ನೋಡಿರ್ತಾರೆ. ರಾತ್ರಿ ಒಂದು ಗಂಟೆಗೆ ಬರೆದ್ರೆ ಆಗಲೇ ಕಳಿಸ್ಬೇಕಾಗಿಲ್ಲ, ಜಿಮೇಲ್‌ನಲ್ಲಿ 2019ರಿಂದ ಶೆಡ್ಯೂಲ್ ಸೆಂಡ್ ಇದೆ, ಬೆಳಿಗ್ಗೆ ಒಂಬತ್ತಕ್ಕೆ ಇಟ್ಟು ಮಲ್ಕೊಳ್ಳಿ. ಹಂಗಂತ ಆಫೀಸಿನ ಲಿಫ್ಟ್‌ನಲ್ಲೇ ಕಳಿಸೋರೂ ಇದಾರೆ. ನಾನಿನ್ನೂ ಅವನ ಬಯೋಡೇಟಾ ಫೈಲಿಗೆ ಸೇರಿಸಿಲ್ಲ, ಟಿಂಗ್ ಅಂತ ಥ್ಯಾಂಕ್ಸ್ ಬಂತು. ಮೊದಲೇ ಬರೆದಿಟ್ಕೊಂಡು ಬಂದಿದ್ದ ಅಂತ ಮಗುಗೂ ಗೊತ್ತಾಗುತ್ತೆ.

ಅದೇ ಥರದ್ದು ಇನ್ನೊಂದು. ನಾವು ಮೂರು ಜನ ಪ್ಯಾನೆಲ್, ಮಧ್ಯಾಹ್ನ ಡಬ್ಬಾ ಬಿಚ್ಚಿ ಕೂತಿದೀವಿ, ಮೂರೂ ಮೊಬೈಲ್ ಒಟ್ಟಿಗೆ ಸದ್ದು ಮಾಡ್ತು. ಒಬ್ಬ ಹುಡುಗ ಮೂವರಿಗೂ ಬೇರೆ ಬೇರೆ ಮೇಲ್ ಕಳಿಸಿದ್ದ, ಅಷ್ಟರಮಟ್ಟಿಗೆ ಜಾಣ. ಆದ್ರೆ ಮೂರರಲ್ಲೂ ಅಕ್ಷರ ಅಕ್ಷರ ಒಂದೇ. "ನಿಮ್ಮ ಅಮೂಲ್ಯ ಒಳನೋಟಗಳು ನನ್ನ ಮೇಲೆ ಆಳವಾದ ಪರಿಣಾಮ ಬೀರಿದವು." ನನ್ನ ಪಕ್ಕದೋರು ಇಂಟರ್‌ವ್ಯೂನಲ್ಲಿ ಬಾಯಿ ಬಿಟ್ಟಿದ್ದೇ "ಎಸಿ ಜಾಸ್ತಿ ಆಯ್ತಾ?" ಅನ್ನೋಕೆ. ಅವರ ಅಮೂಲ್ಯ ಒಳನೋಟ ಅದೇ! ಚಪಾತಿ ಗಂಟಲಲ್ಲಿ ಸಿಕ್ಕೊಳ್ಳೋ ಹಾಗೆ ನಕ್ವಿ. ಪಾಪ, ಹುಡುಗ ಕೆಟ್ಟೋನೇನಲ್ಲ, ಆಮೇಲೆ ತಗೊಂಡ್ವಿ ಕೂಡ. ಈಗ ಚಾಟ್‌ಜಿಪಿಟಿ ಬಂದ್ಮೇಲೆ ಇದು ಜೋರಾಗಿದೆ, ಹತ್ತು ಜನರ ಮೇಲ್ ಒಂದೇ ಮನೆಯ ಹುಳಿ ಥರ ಇರುತ್ತೆ. ಇಂಗ್ಲಿಷ್ ತಿದ್ದಿಸ್ಕೊಳ್ಳೋಕೆ ಬಳಸಿ, ನಂದೇನೂ ತಕರಾರಿಲ್ಲ. ಆದ್ರೆ ಒಳಗಿನ ಆ ಒಂದು ಸಾಲು ಅದಕ್ಕೆ ಗೊತ್ತಿರೋಕೆ ಹೆಂಗೆ ಸಾಧ್ಯ, ಅದು ರೂಮಲ್ಲಿ ಇರ್ಲೇ ಇಲ್ವಲ್ಲ.

ಹೆಸರು. ಇಲ್ಲಿ ಒಂದೇ ಪ್ಯಾನೆಲ್‌ನಲ್ಲಿ ದೇಶಪಾಂಡೆ ಒಬ್ರು ದೇಶಮುಖ್ ಒಬ್ರು ಇರೋದು ಮಾಮೂಲಿ. ಅದಲುಬದಲು ಆಯ್ತೋ, ಇಬ್ಬರಿಗೂ ಬೇಜಾರು. ಕಂಪನಿ ಹೆಸರು ತಪ್ಪು ಬರೆದು ಕಳಿಸಿದ ಮೇಲ್‌ಗಳೂ ನನ್ನ ಹತ್ರ ಬಂದಿವೆ, ಹಿಂದಿನ ವಾರದ ಇಂಟರ್‌ವ್ಯೂದು ಕಾಪಿ ಹೊಡೆದಿರ್ತಾರೆ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಕಳಿಸಿದ್ದನ್ನ ವಾಪಸ್ ಎಳ್ಕೊಳ್ಳೋ ಸಮಯ 30 ಸೆಕೆಂಡ್ ತನಕ ಇಟ್ಕೋಬಹುದು, ಅದನ್ನ ಕಂಪ್ಯೂಟರಲ್ಲಿ ಕೂತು ಒಂದ್ಸಲ ಮಾಡಿಡಿ. ಮೂವತ್ತು ಸೆಕೆಂಡ್ ಕಮ್ಮಿ ಅನ್ಸುತ್ತೆ. ಸೆಂಡ್ ಒತ್ತಿದ ಮೊದಲ ಐದು ಸೆಕೆಂಡಲ್ಲೇ ತಪ್ಪು ಕಣ್ಣಿಗೆ ರಾಚೋದು, ಅದು ಹೆಂಗೋ ಗೊತ್ತಿಲ್ಲ, ಯಾವಾಗ್ಲೂ ಹಂಗೇ.

ಯಾರಿಗೆ ಕಳಿಸೋದು, ಐಡಿ ಎಲ್ಲಿಂದ ತರೋದು ಅಂತ ಮುಂದೆ ಕೂತವರು ಕೇಳ್ತಿದಾರೆ. ಆನ್‌ಲೈನ್ ಇಂಟರ್‌ವ್ಯೂ ಆದ್ರೆ ಕ್ಯಾಲೆಂಡರ್ ಇನ್ವೈಟ್ ತೆಗೆದು ನೋಡಿ, ಸಾಮಾನ್ಯವಾಗಿ ಎಲ್ಲರ ಮೇಲ್ ಐಡಿ ಅಲ್ಲೇ ಇರುತ್ತೆ. ಇಲ್ಲಾಂದ್ರೆ ನಿಮ್ಮನ್ನ ಕರೆದ ಎಚ್‌ಆರ್ ಹುಡುಗಿಯ ಮೇಲ್‌ಗೇ ರಿಪ್ಲೈ ಮಾಡಿ, ಇದನ್ನ ದಯವಿಟ್ಟು ಅವರಿಗೆ ಮುಟ್ಟಿಸಿ ಅನ್ನಿ. ಅದೇ ಹಳೇ ಮೇಲ್‌ಗೆ ರಿಪ್ಲೈ ಮಾಡಿದ್ರೆ ಯಾವ ಪೋಸ್ಟು, ಯಾವ ತಾರೀಖು ಎಲ್ಲ ಕೆಳಗೇ ಇರುತ್ತೆ, ಹುಡುಕೋ ಕೆಲ್ಸ ಉಳಿಯುತ್ತೆ. ಮ್ಯಾನೇಜರ್ ನಂಬರ್ ಎಲ್ಲಿಂದಲೋ ಹುಡುಕಿ ವಾಟ್ಸಾಪ್‌ನಲ್ಲಿ ಕೈಮುಗಿಯೋ ಇಮೋಜಿ ಹಾಕ್ಬೇಡಿ. ಅವರೇ ವಾಟ್ಸಾಪ್‌ನಲ್ಲಿ ಟೈಮ್ ಫಿಕ್ಸ್ ಮಾಡಿದ್ರೆ, ಸಣ್ಣ ಆಫೀಸುಗಳಲ್ಲಿ ಹಂಗೇ ನಡೆಯೋದು, ಆಗ ಅಲ್ಲೇ ಎರಡು ಸಾಲು ಹಾಕಿದ್ರೆ ಸಾಕು, ಮೇಲ್ ಬೇಕಾಗಿಲ್ಲ. ಗುಡ್ ಮಾರ್ನಿಂಗ್ ಫೋಟೋ ಮಾತ್ರ ಮಾರನೇ ದಿನದಿಂದ ಶುರು ಮಾಡ್ಬೇಡಿ. ನಗಬೇಡಿ, ನಂಗೆ ಒಬ್ರು ಎರಡು ತಿಂಗಳು ಕಳಿಸಿದಾರೆ, ಗುಲಾಬಿ ಹೂವು, ಸೂರ್ಯೋದಯ, ಏಕಾದಶಿ ದಿನ ವಿಠ್ಠಲ.

ಸ್ವೀಟ್ ಡಬ್ಬಿ ತಗೊಂಡು ಹೋಗೋದು, ಧಾರವಾಡ ಪೇಢಾ ಕಳಿಸೋದು, ಬೇಡ. ಪ್ರೀತಿಯಿಂದಲೇ ಕಳಿಸ್ತೀರಿ ಗೊತ್ತು, ಆದ್ರೆ ಕೆಲ್ಸ ಇನ್ನೂ ನಿರ್ಧಾರ ಆಗಿಲ್ಲದ ಹೊತ್ತಲ್ಲಿ ಬಂದ ಪೇಢಾ ಪೇಢಾ ಆಗಿ ಉಳಿಯಲ್ಲ.

ಹಾಂ, ಸರ್ಕಾರಿ ಕೆಲಸದ ತಯಾರಿ ಮಾಡ್ತಿರೋರು ಎಷ್ಟು ಜನ? ನೀವು ಇದುವರೆಗೂ ನಾನು ಹೇಳಿದ್ದೆಲ್ಲ ಬಿಟ್ಟುಬಿಡಿ. ನಮ್ಮ ಕರಾವಳಿಯವರಿಗೆ ಬ್ಯಾಂಕ್ ಅಂದ್ರೆ ಮನೆ ಇದ್ದ ಹಾಗೆ, ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಲ್ಲಿ ಶುರುವಾಗಿದ್ದು, ಮುಂಬೈನಲ್ಲಿ ಬ್ಯಾಂಕಲ್ಲೇ ರಿಟೈರ್ ಆದ ಎಷ್ಟು ಜನ ಅಂಕಲ್‌ಗಳು ಇಲ್ಲೇ ಕೂತಿದಾರೆ ನೋಡಿ. ಆದ್ರೆ ಬ್ಯಾಂಕಿನದಾಗ್ಲಿ ಸರ್ಕಾರದ್ದಾಗ್ಲಿ ಭರ್ತಿ ಜಾಹೀರಾತು ತೆಗೆದು ಕೊನೆ ಪುಟ ಓದಿ, ಯಾವುದೇ ರೀತಿಯ ಕ್ಯಾನ್ವಾಸಿಂಗ್, ಅಂದ್ರೆ ವಶೀಲಿ ಮಾಡಿದ್ರೆ ಅನರ್ಹ ಅಂತ ಒಂದು ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತೆ. ಬೋರ್ಡ್ ಮೆಂಬರ್‌ಗೆ ಥ್ಯಾಂಕ್ಸ್ ಬರೆಯೋದು ನಿಮಗೆ ಸೌಜನ್ಯ, ಅಲ್ಲಿ ಅದನ್ನ ಶಿಫಾರಸಿಗೆ ಕೈಹಾಕಿದ ಹಾಗೆ ನೋಡಬಹುದು. ರೂಮಿಂದ ಎದ್ದು ಬರುವಾಗ ಬಾಯಲ್ಲಿ ಥ್ಯಾಂಕ್ಸ್ ಅಂದ್ರೆ ಅಲ್ಲಿಗೆ ಮುಗೀತು. ಕೇಂದ್ರ ಸರ್ಕಾರದ ಗ್ರೂಪ್ ಸಿ ಮತ್ತೆ ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗಂತೂ 2016 ಜನವರಿ 1ರಿಂದ ಇಂಟರ್‌ವ್ಯೂನೇ ತೆಗೆದಿದಾರೆ, ಅಲ್ಲಿ ಥ್ಯಾಂಕ್ಸ್ ಹೇಳೋಕೆ ಎದುರಿಗೆ ಯಾರೂ ಕೂತೇ ಇರಲ್ಲ.

ಈಗ ಆ ಅಂಕಲ್‌ಗಳಲ್ಲೇ ಒಬ್ರು ಕೇಳಿದ್ರು, ಮೈಕ್ ಇರ್ಲಿಲ್ಲ, ನಾನು ಹೇಳ್ತೀನಿ: "ಏನಮ್ಮಾ, ಕೆಲ್ಸ ಕೊಟ್ಟೋರಿಗೆ ಉಪಕಾರ ಹೇಳೋದು ಸರಿ. ಸುಮ್ನೆ ಪ್ರಶ್ನೆ ಕೇಳಿ ವಾಪಸ್ ಕಳಿಸೋರಿಗೆ ಯಾಕೆ? ಅವರು ಮತ್ತೆ ಫೋನೂ ಮಾಡಲ್ಲ." ಸರ್, ನಿಮ್ಮ ಸಿಟ್ಟು ನ್ಯಾಯವಾದ್ದೇ. ನಾವು ಎಚ್‌ಆರ್‌ನವರು ಈ ವಿಷಯದಲ್ಲಿ ಮುಖ ಎತ್ತೋ ಹಾಗಿಲ್ಲ. ಮೂರು ರೌಂಡ್ ಕರೆಸ್ತೀವಿ, ಒಂದು ದಿನ ರಜಾ ಹಾಕಿಸ್ತೀವಿ, ಆಮೇಲೆ ಆಗ್ಲಿಲ್ಲಪ್ಪಾ ಅಂತ ಒಂದು ಸಾಲು ಬರೆಯೋಕೆ ನಮಗೆ ಕೈ ಬರಲ್ಲ. ನಾನೂ ಮಾಡಿದೀನಿ, ಸಾಚಾ ಅಂತ ಹೇಳ್ಕೊಳ್ಳಲ್ಲ. ಹಂಗಾಗಿ ನೀವು ಮೇಲ್ ಕಳಿಸಿ ಉತ್ತರ ಬರ್ಲಿಲ್ಲ ಅಂದ್ರೆ ಅದಕ್ಕೆ ಅರ್ಥ ಹುಡುಕ್ತಾ ಕೂತ್ಕೋಬೇಡಿ. ನೋಡಿರ್ತಾರೆ, ಉತ್ತರ ಬರೆಯೋ ಅಭ್ಯಾಸ ಇರಲ್ಲ. ಅವರು ಹೇಳಿದ ತಾರೀಖು ದಾಟಿ ಎರಡು ದಿನ ಆದ್ಮೇಲೆ, ತಾರೀಖು ಹೇಳಿಲ್ಲದಿದ್ರೆ ಒಂದು ವಾರ ಆದ್ಮೇಲೆ, ಒಂದೇ ಒಂದ್ಸಲ ಕೇಳಿ. ಅದಕ್ಕೂ ಸುದ್ದಿ ಇಲ್ಲ ಅಂದ್ರೆ ಬಿಟ್ಟು ಮುಂದೆ ಹೋಗಿ.

ಆದ್ರೆ ಸರ್ ಹೇಳಿದ್ರಲ್ಲಿ ಇನ್ನೊಂದು ವಿಷಯ ಸಿಕ್ತು. ಇಲ್ಲ ಅಂತ ಉತ್ತರ ಬಂದ್ರೆ, ಅದಕ್ಕೆ ಯಾರು ರಿಪ್ಲೈ ಮಾಡ್ತಾರೆ? ಯಾರೂ ಇಲ್ಲ. ಕೈಬೆರಳಲ್ಲಿ ಮುಗಿಯುತ್ತೆ ಅಂದೆನಲ್ಲ, ಅದ್ರಲ್ಲಿ ಎರಡು ಇಂಥವೇ. "ತಿಳಿಸಿದ್ದಕ್ಕೆ ಥ್ಯಾಂಕ್ಸ್, ಮುಂದೆ ಇಂಥ ಕೆಲ್ಸ ಬಂದ್ರೆ ನೆನಪಿಡಿ." ಅಷ್ಟೇ. ಸೇರಬೇಕಾದೋರು ಕೊನೇ ದಿನ ಕೈಕೊಡೋದು ನಮ್ಮಲ್ಲಿ ಎಷ್ಟು ಸಾಮಾನ್ಯ ಅಂದ್ರೆ, ಹಳೇ ಕಂಪನಿಯೋರು ತೊಂಬತ್ತು ದಿನ ನೋಟಿಸ್ ಪೀರಿಯಡ್ ಇಟ್ಟಿರ್ತಾರೆ, ಆ ತೊಂಬತ್ತು ದಿನದಲ್ಲಿ ಸೇರಬೇಕಾದೋರು ಇನ್ನೂ ಮೂರು ಆಫರ್ ತಗೊಂಡಿರ್ತಾರೆ. ಅವರು ಬರ್ಲಿಲ್ಲ ಅಂದಾಗ ನಾನು ಪಟ್ಟಿಯಲ್ಲಿ ಎರಡನೇದಾಗಿ ಇದ್ದೋರ ಹೆಸರು ಹುಡುಕೋದು. ಆಗ ಮುನಿಸ್ಕೊಳ್ಳದೇ ಇದ್ದೋರಿಗೆ ಫೋನ್ ಮಾಡೋದು ಸುಲಭ. ಇದು ಲೆಕ್ಕಾಚಾರದ ಮಾತು ಅನ್ಸಿದ್ರೆ ಅನ್ಸ್ಲಿ, ಹೌದು, ಲೆಕ್ಕಾಚಾರವೇ.

ಮತ್ತೆ ನೀವು ಯಾರ ಮೂಲಕ ಹೋದ್ರಿ? ಈ ಊರಿಗೆ ಬಂದ ಕನ್ನಡದೋರು, ತುಳುವರು ಹೆಂಗೆ ಬಂದ್ರು ಅಂತ ಇಲ್ಲಿನ ಹಿರಿಯರನ್ನ ಕೇಳಿ. ಊರಿನೋರು ಒಬ್ರು ಹೋಟ್ಲಲ್ಲಿ ಇದ್ರು, ಅವರ ಹೆಸರು ಹೇಳ್ಕೊಂಡು ಬಂದು ಹಗಲು ಟೇಬಲ್ ಒರೆಸಿ ರಾತ್ರಿ ಶಾಲೆಗೆ ಹೋದ್ರು. ಅವತ್ತಿನ "ಇವನು ನಮ್ಮೂರಿನ ಹುಡುಗ" ಅನ್ನೋ ಮಾತೇ ಇವತ್ತು ರೆಫರಲ್ ಅಂತ ಆಗಿದೆ. ನಿಮ್ಮ ಬಯೋಡೇಟಾ ಒಳಗೆ ತಲುಪಿಸಿದ ಸೀನಿಯರ್‌ಗೆ ಇಂಟರ್‌ವ್ಯೂ ಆಯ್ತು ಅಂತ ಹೇಳೋರು ಎಷ್ಟು ಜನ? ಎಂಟು ದಿನ ಬಿಟ್ಟು ಅವರೇ ಲಂಚ್‌ನಲ್ಲಿ ನನ್ನ ಕೇಳ್ತಾರೆ, ನಮ್ಮ ಹುಡುಗ ಬಂದಿದ್ನಾ ಅಂತ. ಪ್ಯಾನೆಲ್‌ಗೆ ಮೇಲ್ ಹಾಕೋದು ಮರೆತ್ರೂ ಪರವಾಗಿಲ್ಲ ಅಂತೀನಿ ನಾನು, ಇವರಿಗೆ ಮಾತ್ರ ಫೋನ್ ಮಾಡಿ. ಮೇಲ್ ಅಲ್ಲ, ಫೋನ್.

ಕೊನೆಗೆ ಆ ಕಿಟಕಿ ಹತ್ರದ ಅರ್ಧ ಕೈ. ಈಗ ಬಾಯಿ ಬಿಟ್ರು: "ಅಕ್ಕಾ, ಬರೆದು ಡ್ರಾಫ್ಟ್‌ನಲ್ಲೇ ಇಟ್ಟೀನಿ, ಕಳಿಸಿಲ್ಲ, ಹನ್ನೊಂದು ದಿನ ಆತು. ಈಗ ಕಳಿಸಿದ್ರ ನಗ್ತಾರೇನು?" ಅದಕ್ಕೇ ಅರ್ಧ ಎತ್ತಿದ್ದು ನೀನು! ನಗಲ್ಲ. ಆದ್ರೆ ಡ್ರಾಫ್ಟ್‌ನಲ್ಲಿ ಇರೋದನ್ನ ಹಂಗೇ ಕಳಿಸ್ಬೇಡ, "ಇವತ್ತು ಸಮಯ ಕೊಟ್ಟಿದ್ದಕ್ಕೆ" ಅಂತ ಇರುತ್ತೆ, ಇವತ್ತು ಅನ್ನೋದನ್ನ ತೆಗೆದು ತಾರೀಖು ಹಾಕು. ತಡ ಆಗಿದ್ದಕ್ಕೆ ಅರ್ಧ ಪುಟ ಕ್ಷಮೆ ಕೇಳ್ಬೇಡ, ಒಂದು ಪದದಲ್ಲಿ ಮುಗಿಸು. ಅವರು ಏನು ಹೇಳಿದ್ದು ನಿನ್ನ ತಲೇಲಿ ಉಳಿದಿದೆ ಅಂತ ಒಂದು ಸಾಲು. ಮುಂದೇನಾಯ್ತು ಅಂತ ಒಂದು ಪ್ರಶ್ನೆ. ಇಲ್ಲಿ ಚಹಾ ಕೊಡ್ತಾರೆ ಈಗ, ಹೊರಗೆ ಮೆಟ್ಟಿಲ ಮೇಲೆ ಬಾ, ಇಬ್ರೂ ಕೂತು ನೋಡೋಣ, ಮೊಬೈಲ್ ಚಾರ್ಜ್ ಇದೆ ತಾನೇ?